ನೆಲದಡಿಯ ಶಕ್ತಿ ಮತ್ತು ಶಿಲೆಯ ಮಡಿಕೆಗಳು: ಚಿತ್ರದುರ್ಗ ಸೀಮೆಯ ಭೂರಚನೆಯ ಪಾಠ

(ಉಪನ್ಯಾಸದ ಬರಹರೂಪ)



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಗುಡ್ಡಗಳಲ್ಲಿ ಅಳತೆಯವರ ವಾಹನವೊಂದು ಕಾಣಿಸಿಕೊಂಡರೆ ಸಾಕು, ಕೆಳಗಿನ ಊರುಗಳಲ್ಲಿ ಮಾತು ಹುಟ್ಟುತ್ತದೆ. ಗುಡ್ಡದಡಿ ಏನೋ ಸಿಕ್ಕಿದೆಯಂತೆ ಎಂದು ಒಬ್ಬರು, ಊರನ್ನೇ ಎಬ್ಬಿಸುತ್ತಾರಂತೆ ಎಂದು ಇನ್ನೊಬ್ಬರು ಹೇಳುತ್ತಾರೆ. ಆಸೆಯೂ ಭಯವೂ ಒಟ್ಟಿಗೇ ಹರಡುತ್ತವೆ. ಇವೆರಡರ ನಡುವೆ ನಿಂತು ವಿಚಾರ ಮಾಡಬೇಕಾದರೆ ನೆಲದ ಒಳರಚನೆಯ ತಿಳಿವಳಿಕೆ ಬೇಕು. ಆ ತಿಳಿವಳಿಕೆಯನ್ನು ಒದಗಿಸುವ ಶಾಸ್ತ್ರಕ್ಕೆ ರಚನಾತ್ಮಕ ಭೂವಿಜ್ಞಾನ ಎಂದು ಹೆಸರು.

ಕಲ್ಲು ಯಾವುದು ಎಂಬುದು ಭೂವಿಜ್ಞಾನದ ಮೊದಲ ಪ್ರಶ್ನೆ. ಆ ಕಲ್ಲು ಹೇಗೆ ಕೂತಿದೆ ಎಂಬುದು ಎರಡನೆಯದು. ಪದರಗಳು ಯಾವ ದಿಕ್ಕಿಗೆ ಓಡುತ್ತವೆ, ಯಾವ ಕಡೆಗೆ ಎಷ್ಟು ಓಲಿವೆ, ಎಲ್ಲಿ ಮಡಿಚಿಕೊಂಡಿವೆ, ಎಲ್ಲಿ ಬಿರಿದಿವೆ, ಬಿರಿದ ಎರಡು ಭಾಗಗಳು ಎಲ್ಲಿ ಒಂದರ ಪಕ್ಕದಲ್ಲಿ ಒಂದು ಸರಿದಿವೆ ಎಂಬ ವಿಚಾರಣೆಯೇ ಈ ಶಾಸ್ತ್ರದ ಕೆಲಸ. ಹಾಗೆ ಸರಿದ ಬಿರುಕನ್ನು ಸ್ತರಭಂಗ ಎನ್ನುತ್ತಾರೆ. ನೆಲದಡಿಯ ಎಣ್ಣೆ, ಅನಿಲ, ಬಿಸಿನೀರು, ಅದಿರು, ಕುಡಿಯುವ ನೀರು ಇವೆಲ್ಲವೂ ಮಡಿಕೆ, ಬಿರುಕು ಮತ್ತು ಸ್ತರಭಂಗಗಳನ್ನು ಅನುಸರಿಸಿಯೇ ಚಲಿಸುತ್ತವೆ, ಅವುಗಳಲ್ಲಿಯೇ ತಂಗುತ್ತವೆ.

ಈ ಸೀಮೆಯ ಕಲ್ಲುಗಳು ಭೂವಿಜ್ಞಾನದಲ್ಲಿ ಹೆಸರಾದವು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತದ ಪದರುಶಿಲೆಗಳನ್ನು ಸುತ್ತಲಿನ ಪಟ್ಟೆಶಿಲೆಗಳಿಂದ ಬೇರ್ಪಡಿಸಿ ಅವಕ್ಕೆ ಧಾರವಾಡದ ಹೆಸರಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಆ ಬಳಿಕ ನಡೆದ ಅಧ್ಯಯನಗಳ ಫಲವಾಗಿ ಇಲ್ಲಿನ ಶಿಲಾಸಮೂಹಗಳಿಗೆ ಚಿತ್ರದುರ್ಗ, ವಾಣಿವಿಲಾಸ, ಇಂಗಳದಾಳ್, ಹಿರಿಯೂರು ಎಂಬ ಹೆಸರುಗಳು ನಿಂತಿವೆ. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾಶಿಲೆಯನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಇಂತಹ ಆಕಾರ ಬರುತ್ತದೆ. ಅಂದರೆ ಇಂದು ಸಜ್ಜೆ, ಶೇಂಗಾ ಬೆಳೆಯುವ ಈ ಒಣನೆಲ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳವಾಗಿತ್ತು.

ಆ ಸಮುದ್ರತಳ ಹಾಗೆಯೇ ಉಳಿಯಲಿಲ್ಲ. ಎರಡು ಪಕ್ಕಗಳ ಒತ್ತಡಕ್ಕೆ ಸಿಕ್ಕಿ ಪದರಗಳು ಕಂಬಳಿಯಂತೆ ಮಡಿಚಿಕೊಂಡವು, ಕಡಿದಾಗಿ ನಿಂತವು. ಗದಗಿನ ಸೀಮೆಯಿಂದ ದಕ್ಷಿಣಕ್ಕೆ 400 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿರುವ ಈ ಶಿಲಾಪಟ್ಟಿಯಲ್ಲಿ ಪದರಗಳು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಓಡುತ್ತವೆ, ಬಹುಮಟ್ಟಿಗೆ ಪೂರ್ವಕ್ಕೆ ಓಲಿವೆ. ಪಟ್ಟಿಯ ಪೂರ್ವದ ಅಂಚಿನಲ್ಲಿ ಕಲ್ಲು ಉಜ್ಜಿ, ಅರೆದು, ಎಳೆದು ಹೋಗಿರುವ ವಲಯವೊಂದಿದೆ. ದಕ್ಷಿಣ ಭಾರತದ ಪುರಾತನ ಭೂಖಂಡದ ಪಶ್ಚಿಮ ಭಾಗಕ್ಕೂ ಪೂರ್ವ ಭಾಗಕ್ಕೂ ಇದೇ ಗಡಿಯೆಂದು ಅನೇಕ ಭೂವಿಜ್ಞಾನಿಗಳು ಪರಿಗಣಿಸುತ್ತಾರೆ. ದುರ್ಗದ ಕೋಟೆ ನಿಂತಿರುವ ಗ್ರಾನೈಟು ಈ ಪದರುಶಿಲೆಗಳ ನಡುವೆ ಸುಮಾರು 260 ಕೋಟಿ ವರ್ಷಗಳ ಹಿಂದೆ ಕರಗಿದ ರೂಪದಲ್ಲಿ ನುಗ್ಗಿ ಗಟ್ಟಿಯಾದದ್ದು.

ಈಗ ಶಕ್ತಿಯ ಲೆಕ್ಕಕ್ಕೆ ಬರಬಹುದು. ಮೊದಲನೆಯದು ಕಲ್ಲಿದ್ದಲು ಮತ್ತು ಕಲ್ಲೆಣ್ಣೆ. ಕಲ್ಲಿದ್ದಲು ಹೂತುಹೋದ ಕಾಡುಗಳಿಂದ ಆಗುತ್ತದೆ. ಈ ಸೀಮೆಯ ಕಲ್ಲುಗಳು ಹುಟ್ಟಿದಾಗ ಭೂಮಿಯ ಮೇಲೆ ಗಿಡಮರಗಳೇ ಇರಲಿಲ್ಲ. ತೆಲಂಗಾಣದ ಸಿಂಗರೇಣಿಯಲ್ಲಿ ಕಲ್ಲಿದ್ದಲು ಉಳಿದಿರುವುದಕ್ಕೆ ರಚನೆಯೂ ಕಾರಣ. ಅಲ್ಲಿ ಎರಡು ಕಡೆಯ ಸ್ತರಭಂಗಗಳ ನಡುವೆ ನೆಲ ಕುಸಿದು ತೊಟ್ಟಿಯಂತಾಯಿತು, ಅದರೊಳಗೆ ಶೇಖರವಾದದ್ದು ಸವೆದು ಹೋಗದೆ ಉಳಿಯಿತು. ಕಲ್ಲೆಣ್ಣೆಗೂ ಹೀಗೆಯೇ ತಕ್ಕ ಸ್ಥಳ ಬೇಕು. ಮಗುಚಿದ ದೋಣಿಯಂತೆ ಮೇಲೆದ್ದ ಮಡಿಕೆ, ಅದರ ಕೆಳಗೆ ತೂತುಗಳಿರುವ ಮರಳುಗಲ್ಲು ಅಥವಾ ಸುಣ್ಣಗಲ್ಲು, ಮೇಲೆ ಸೋರದ ಮುಚ್ಚಳ ಇದ್ದರೆ ಎಣ್ಣೆ ಅಲ್ಲಿ ನಿಲ್ಲುತ್ತದೆ. ಚಿತ್ರದುರ್ಗದಲ್ಲಿ ಮಡಿಕೆಗಳು ಬೇಕಾದಷ್ಟಿವೆ. ಆದರೆ ಎಣ್ಣೆಯನ್ನು ಹುಟ್ಟಿಸಬಲ್ಲ ಮೂಲವಸ್ತುವಿಲ್ಲ, ಕಲ್ಲಿನ ತೂತುಗಳು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಎಂದೋ ಮುಚ್ಚಿಹೋಗಿವೆ. ಈ ಗುಡ್ಡಗಳಡಿ ಎಣ್ಣೆಯಿದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಎರಡನೆಯದು ಭೂಶಾಖ. ಲಡಾಖಿನ ಪೂಗಾದಲ್ಲಿ ಬಿಸಿನೀರು ತಾನಾಗಿಯೇ ಚಿಮ್ಮುತ್ತದೆ. ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದ ಸೀಮೆ ಅದು. ಅಲ್ಲಿ ಬಿರುಕುಗಳು ಇನ್ನೂ ತೆರೆದಿವೆ, ಆಳದ ಶಾಖ ಮೇಲಕ್ಕೆ ಬರಲು ದಾರಿಯಿದೆ. ಧಾರವಾಡ ಭೂಖಂಡ ಇದಕ್ಕೆ ವಿರುದ್ಧ. ಇದು ಬಹುಕಾಲದ ಹಿಂದೆಯೇ ತಣಿದು ಗಟ್ಟಿಯಾದ ನೆಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಮೊದಲು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ತಳದಲ್ಲಿ ಬಂಡೆಯ ಶಾಖ 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿತ್ತು. ಜಗತ್ತಿನ ಸಾಮಾನ್ಯ ಸ್ಥಳಗಳಲ್ಲಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುವ ಶಾಖ ಇಲ್ಲಿ ಅದರ ಅರ್ಧದಷ್ಟೇ ಏರುತ್ತದೆ. ಅದೇ ಭೂಖಂಡದ ಚಿತ್ರದುರ್ಗದಲ್ಲಿ ಭೂಶಾಖದಿಂದ ವಿದ್ಯುತ್ತು ತೆಗೆಯುವ ಮಾತು ಸದ್ಯಕ್ಕೆ ಲಾಭದ ಮಾತಲ್ಲ.

ಮೂರನೆಯದು ಯುರೇನಿಯಂ. ಕರ್ನಾಟಕದ ಹೆಸರಾದ ಉದಾಹರಣೆ ಯಾದಗಿರಿ ಜಿಲ್ಲೆಯ ಗೋಗಿ. ಅಲ್ಲಿ ಹಳೆಯ ಗ್ರಾನೈಟಿನ ಮೇಲೆ ಸುಣ್ಣಗಲ್ಲಿನ ಪದರಗಳು ಕೂತಿವೆ, ಎರಡನ್ನೂ ಒಂದು ಸ್ತರಭಂಗ ಕತ್ತರಿಸಿದೆ. ಆ ಬಿರುಕಿನ ದಾರಿಯಲ್ಲಿ ಹರಿದ ನೀರು ಯುರೇನಿಯಂ ಅನ್ನು ಕರಗಿಸಿ ತಂದು, ತಕ್ಕ ರಾಸಾಯನಿಕ ಸ್ಥಿತಿ ಸಿಕ್ಕ ಕಡೆ ಬಿಟ್ಟಿತು. ಸ್ತರಭಂಗದ ನಕ್ಷೆಯೇ ಅಲ್ಲಿ ಅದಿರಿನ ನಕ್ಷೆ. ಗೋಗಿಯ ಪಾಠ ಇಷ್ಟಕ್ಕೇ ಮುಗಿಯುವುದಿಲ್ಲ. ಅದಿರನ್ನು ಹೊತ್ತು ತಂದ ಬಿರುಕೇ ಅಂತರ್ಜಲದ ದಾರಿಯೂ ಹೌದು. ಆದ್ದರಿಂದ ಅಂತಹ ಜಾಗದಲ್ಲಿ ಗಣಿಯ ಪ್ರಶ್ನೆ ಬಂದಾಗ ಬಾವಿಯ ಪ್ರಶ್ನೆಯೂ ಜೊತೆಗೇ ಬರಬೇಕು.

ನಾಲ್ಕನೆಯದು ಈಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ನೈಸರ್ಗಿಕ ಜಲಜನಕ. ಆಫ್ರಿಕದ ಮಾಲಿ ದೇಶದ ಬುರಾಕೆಬುಗು ಎಂಬ ಹಳ್ಳಿಯಲ್ಲಿ 1987ರಲ್ಲಿ ನೀರಿಗಾಗಿ ಕೊರೆದ ಬಾವಿಯಲ್ಲಿ ಉರಿಯುವ ಅನಿಲ ಬಂದಿತು. ಅದು ಬಹುಪಾಲು ಜಲಜನಕವೆಂದು ಮುಂದೆ ತಿಳಿಯಿತು, ಅದರಿಂದ ಆ ಹಳ್ಳಿಗೆ ವಿದ್ಯುತ್ತನ್ನೂ ಉತ್ಪಾದಿಸಲಾಯಿತು. ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚಾಗಿರುವ ಕಲ್ಲಿನೊಡನೆ ನೀರು ಸೇರಿ ವರ್ತಿಸಿದಾಗ ಜಲಜನಕ ಬಿಡುಗಡೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಸುತ್ತ ಇಂತಹ ಜಾತಿಯ ಪುರಾತನ ಲಾವಾಶಿಲೆಗಳಿವೆ. ಹಾಗೆಂದು ಅಲ್ಲಿ ಅನಿಲವಿದೆ ಎಂದು ತೀರ್ಮಾನಿಸುವಂತಿಲ್ಲ. ಆ ಕಲ್ಲುಗಳು ಎಷ್ಟೋ ಕಾಲದ ಹಿಂದೆಯೇ ಬಹುಮಟ್ಟಿಗೆ ಮಾರ್ಪಟ್ಟು ಬಳಪದ ಕಲ್ಲಿನಂತಹವಾಗಿವೆ. ಹುಟ್ಟಿದ ಅನಿಲ ನಿಲ್ಲಲು ಮುಚ್ಚಳವೂ ಬೇಕು. ಕಡಿದಾಗಿ ನಿಂತು ಬಿರಿದಿರುವ ಪದರಗಳಲ್ಲಿ ಅನಿಲ ಸೋರಿಹೋಗುವುದೇ ಸಹಜ. ಕಲ್ಲು ಇರುವುದು ಬೇರೆ, ಸಂಪನ್ಮೂಲ ಇರುವುದು ಬೇರೆ. ಈ ವ್ಯತ್ಯಾಸವನ್ನು ಹೇಳುವುದೇ ರಚನೆಯ ಅಧ್ಯಯನ.

ಹಾಗಾದರೆ ಈ ಸೀಮೆಗೆ ನೆಲದ ರಚನೆಯಿಂದ ದೊರೆತ ಶಕ್ತಿ ಯಾವುದೂ ಇಲ್ಲವೇ? ಇದೆ, ಆದರೆ ಅದು ನೆಲದ ಮೇಲಿದೆ. ಪದರಗಳ ದಿಕ್ಕಿನಲ್ಲಿಯೇ ಗುಡ್ಡಸಾಲುಗಳು ಉದ್ದುದ್ದ ನಿಂತಿರುವುದರಿಂದ ಮುಂಗಾರಿನ ಪಶ್ಚಿಮದ ಗಾಳಿ ಅವುಗಳಿಗೆ ಅಡ್ಡಲಾಗಿ ಬಡಿದು ನೆತ್ತಿಯ ಮೇಲೆ ವೇಗ ಪಡೆಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದಕ್ಕೆ ಇದೂ ಒಂದು ಕಾರಣ. ಅದೇ ಗುಡ್ಡಸಾಲನ್ನು ವೇದಾವತಿ ಕೊರೆದು ದಾಟುವ ಇಕ್ಕಟ್ಟಾದ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ವಾಣಿವಿಲಾಸ ಸಾಗರದ ಅಣೆಕಟ್ಟನ್ನು ಕಟ್ಟಲಾಯಿತು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಇಲ್ಲಿ ಕೊರತೆಯಿರುವುದು ನೀರಿಗೆ ಎಂಬುದನ್ನು ಈ 89 ವರ್ಷಗಳೇ ಹೇಳುತ್ತವೆ.

ಈ ನಾಲ್ಕು ತಾಲ್ಲೂಕುಗಳ ಜನರಿಗೆ ನೆಲದಡಿಯ ಅತಿ ಮುಖ್ಯ ಸಂಪತ್ತು ನೀರೇ. ಗ್ರಾನೈಟಿಗಾಗಲಿ ಪದರುಶಿಲೆಗಾಗಲಿ ತನ್ನೊಳಗೆ ನೀರು ಹಿಡಿಯುವ ತೂತುಗಳಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಸ್ವಲ್ಪ, ಕೆಳಗಿನ ಬಿರುಕುಗಳಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಆಳ ಹೆಚ್ಚಿದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ಕಿರಿದಾಗುತ್ತವೆ. ಒಂದು ಹೊಲದ ಕೊಳವೆಬಾವಿಯಲ್ಲಿ ನೀರು ಬಂದು ಪಕ್ಕದ ಹೊಲದಲ್ಲಿ ಬರಿಯ ದೂಳು ಬರುವುದು ಇದರಿಂದಲೇ. ಕಲ್ಲಿನ ನಡುವೆ ಗೋಡೆಯಂತೆ ನುಗ್ಗಿರುವ ಕರಿಕಲ್ಲಿನ ಅಡ್ಡಗಟ್ಟೆ ನೀರನ್ನು ಒಂದು ಪಕ್ಕದಲ್ಲಿ ತಡೆದು ಇನ್ನೊಂದು ಪಕ್ಕವನ್ನು ಒಣಗಿಸಬಲ್ಲದು. ತೆಂಗಿನಕಾಯಿ ಹಿಡಿದು ಪಾಯಿಂಟ್ ಹಾಕಿಸುವುದಕ್ಕಿಂತ ಈ ರಚನೆಯನ್ನು ಓದಿಸುವುದು ರೈತನಿಗೆ ಕ್ಷೇಮ. ಇದು ಶಕ್ತಿಯ ಪ್ರಶ್ನೆಯೂ ಹೌದು. ನೀರು ಎಷ್ಟು ಆಳಕ್ಕೆ ಇಳಿದರೆ ಅದನ್ನು ಮೇಲೆತ್ತಲು ಅಷ್ಟು ಹೆಚ್ಚು ವಿದ್ಯುತ್ತು ಬೇಕು. ಮಳೆನೀರನ್ನು ಬಿರುಕಿನೊಳಗೆ ಇಳಿಸುವ ಗುಡ್ಡವನ್ನು ಉಳಿಸಿಕೊಂಡರೆ ನೀರೂ ಉಳಿಯುತ್ತದೆ, ವಿದ್ಯುತ್ತೂ ಉಳಿಯುತ್ತದೆ.

ಗುಡ್ಡವನ್ನು ಅಗೆದಾಗ ಏನಾಗುತ್ತದೆ ಎಂಬುದು ಈ ಸೀಮೆಗೆ ಹೊಸತಲ್ಲ. ಹೊಸದುರ್ಗ, ಹೊಳಲ್ಕೆರೆ ಭಾಗದ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಇದೇ ಮಡಿಚಿದ ಪದರಗಳಲ್ಲಿದೆ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದಿತು. ಮುಂದೆ 2013ರಲ್ಲಿ ಷರತ್ತುಗಳೊಡನೆ ಪುನರಾರಂಭಕ್ಕೆ ದಾರಿಯಾಯಿತು. ನಿಯಮ ಮೀರಿದ ಅಗೆತದ ಪರಿಣಾಮವನ್ನು ತಡವಾಗಿ ಅಳೆಯುವುದಕ್ಕಿಂತ ಮೊದಲೇ ಪ್ರಶ್ನೆ ಕೇಳುವುದು ಲೇಸು.

ಕೇಳಬೇಕಾದ ಪ್ರಶ್ನೆಗಳು ಕಠಿಣವಲ್ಲ. ಈ ಜಾಗದ ರಚನಾ ನಕ್ಷೆ ಎಲ್ಲಿದೆ? ಪದರಗಳು ಊರಿನ ಕಡೆಗೆ ಓಲಿವೆಯೋ, ಆಚೆಗೋ? ಕೊರೆಯುವ ಬಿರುಕಿಗೂ ಊರಿನ ಕೆರೆ, ಬಾವಿಗಳಿಗೂ ಸಂಬಂಧವಿದೆಯೇ? ಕೊರೆಯುವ ಮೊದಲು ಬಾವಿಗಳ ನೀರಿನ ಮಟ್ಟವನ್ನೂ ಗುಣವನ್ನೂ ಅಳೆದು ಬರೆದಿಡುತ್ತಾರೆಯೇ? ಕೆಲಸ ಮುಗಿದ ಮೇಲೆ ಪರೀಕ್ಷಾ ರಂಧ್ರಗಳನ್ನು ಸಿಮೆಂಟಿನಿಂದ ಮುಚ್ಚುತ್ತಾರೆಯೇ? ಮುಚ್ಚದ ರಂಧ್ರವು ಒಂದು ಪದರದ ಕೆಟ್ಟ ನೀರನ್ನು ಇನ್ನೊಂದರ ಒಳ್ಳೆಯ ನೀರಿಗೆ ಸೇರಿಸಬಲ್ಲದು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಆ ಸಾರಾಂಶವನ್ನು ಓದಿ, ಈ ಪ್ರಶ್ನೆಗಳನ್ನು ಲಿಖಿತವಾಗಿ ಸಲ್ಲಿಸುವುದು ಪ್ರತಿಯೊಂದು ಊರಿನ ಹಕ್ಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಒಂದು ದಿಕ್ಸೂಚಿ, ಒಂದು ಕೋನಮಾಪಕ, ಅದಕ್ಕೆ ತೂಗುಬಿಟ್ಟ ದಾರ ಮತ್ತು ಕಲ್ಲು ಸಾಕು. ಹಳ್ಳದ ದಂಡೆಯಲ್ಲಿಯೋ ರಸ್ತೆ ಕಡಿದ ಜಾಗದಲ್ಲಿಯೋ ಪದರದ ದಿಕ್ಕನ್ನೂ ಓಲನ್ನೂ ಅಳೆದು ಊರಿನ ನಕ್ಷೆಯಲ್ಲಿ ಗುರುತಿಸಬಹುದು. ಅದೇ ನಕ್ಷೆಯ ಮೇಲೆ ನೀರಿರುವ ಮತ್ತು ಬತ್ತಿದ ಕೊಳವೆಬಾವಿಗಳನ್ನು, ಅವುಗಳ ಆಳವನ್ನು, ಕೊರೆದ ವರ್ಷವನ್ನು ಬರೆಯಬೇಕು. ಎರಡು ಮೂರು ಬೇಸಿಗೆ ಹೀಗೆ ಬರೆದಿಟ್ಟರೆ ಯಾವ ಗುಡ್ಡದ ಯಾವ ಮಗ್ಗುಲು ಯಾವ ಊರಿಗೆ ನೀರು ಕೊಡುತ್ತದೆ ಎಂಬುದರ ಸುಳಿವು ಸಿಗತೊಡಗುತ್ತದೆ. ಅಳತೆಯವರ ವಾಹನ ಮುಂದಿನ ಬಾರಿ ಬಂದಾಗ ಆ ನಕ್ಷೆ ಪಂಚಾಯಿತಿಯ ಮೇಜಿನ ಮೇಲಿರಲಿ.