ಬೂದಿ ಮುಚ್ಚಿದ ಕೆಂಡ

ಬೂದಿ ಮುಚ್ಚಿದ ಕೆಂಡವೆಂಬ ನುಡಿಗಟ್ಟನ್ನು ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ವಿವರಿಸಿದವನು ನಾನು. ಅಡಗಿದ ಕೋಪ, ಹೊರಗೆ ತೋರದ ಪ್ರತಿಭೆ ಎಂದೆಲ್ಲ ಅದರ ಅರ್ಥವನ್ನು ಹಿಗ್ಗಿಸಿದ್ದುಂಟು. ಬೂದಿಯ ಬಳಿ ಕೈಯೊಡ್ಡಿ ನೋಡಿದ್ದು ಮಾತ್ರ ಇಲ್ಲ. ಆ ಪಾಠ ನನಗಾದದ್ದು ಅಮೆರಿಕದ ಮಿಚಿಗನ್ ರಾಜ್ಯದ ಹ್ಯೂರಾನ್-ಮ್ಯಾನಿಸ್ಟೀ ರಾಷ್ಟ್ರೀಯ ಅರಣ್ಯದಲ್ಲಿ. ಕಲಿಸಿದವಳು ನನ್ನ ಮಗಳು.

ಅವಳು ಅಲ್ಲಿ ಶಾಲೆಯ ಉಪಾಧ್ಯಾಯಿನಿ. ಬೇಸಗೆಯ ರಜೆಯಲ್ಲಿ ಕೆಲವು ವಾರ ಅರಣ್ಯದ ಶಿಬಿರವೊಂದರ ಬಾಗಿಲಲ್ಲಿ ಬಿಡಾರ ಹೂಡಿ, ಬಂದವರನ್ನು ವಿಚಾರಿಸಿಕೊಳ್ಳುತ್ತಾಳೆ. ಸಂಬಳವಿಲ್ಲ, ತಂಗುವ ಜಾಗಕ್ಕೆ ಬಾಡಿಗೆಯೂ ಇಲ್ಲ, ಅಷ್ಟೆ. ಅರಣ್ಯ ಇಲಾಖೆಗೆ ಇಂಥ ಸ್ವಯಂಸೇವಕರ ನೆರವು ಪಡೆಯಲು ಅವಕಾಶ ಮಾಡಿಕೊಟ್ಟ ಕಾನೂನು ಆ ದೇಶದಲ್ಲಿ 1972ರಲ್ಲಿ ಬಂತು. ಇವರನ್ನು ‘ಕ್ಯಾಂಪ್ ಹೋಸ್ಟ್’ ಎನ್ನುತ್ತಾರೆ. ಆತಿಥೇಯರೆಂದು ಅನುವಾದಿಸಹೊರಟೆ, ಊಟವಿಕ್ಕುವ ಬದಲು, ಅತಿಥಿಯ ಕಸವನ್ನು ಅತಿಥಿಯೇ ಹೊತ್ತೊಯ್ಯಬೇಕೆನ್ನುವ ಈ ಆತಿಥ್ಯಕ್ಕೆ ಆ ಮಾತು ಒಗ್ಗಲಿಲ್ಲ.

ಶಿಬಿರವನ್ನೂ ದಾಟಿ, ನಲ್ಲಿ, ಶೌಚಾಲಯ, ಮೇಜು ಯಾವುದೂ ಇಲ್ಲದ ಬರಿಯ ಕಾಡಿನಲ್ಲಿ ರಾತ್ರಿ ಕಳೆಯಬಯಸುವವರೂ ಬರುತ್ತಾರೆ. ಅವರೊಡನೆ ನಡೆಯುವ ಮಾತೇ ಮಗಳ ಕೆಲಸದ ತಿರುಳು. ಹಿಂದಿನವರು ತಂಗಿದ ತಾಣದಲ್ಲೇ ತಂಗಿ, ಹೊಸ ಹಸಿರನ್ನು ತುಳಿಯಬೇಡಿ. ಹೊಳೆಯಿಂದ 200 ಅಡಿ ದೂರವಿರಿ. ಬಹಿರ್ದೆಸೆಗೆ ಆರೆಂಟು ಅಂಗುಲ ಆಳದ ಗುಂಡಿ ತೋಡಿ, ಮುಚ್ಚಿ. (ಕೊನೆಯದನ್ನು ಅವಳು ಸಂಕೋಚವಿಲ್ಲದೆ ಹೇಳುವಾಗ ನಾನು ದೂರ ಸರಿದು ನಿಲ್ಲುತ್ತಿದ್ದೆ.) ದಂಡ ವಿಧಿಸುವ ಅಧಿಕಾರ ಅವಳಿಗಿಲ್ಲ. ಮಾತೊಂದೇ ಬಂಡವಾಳ.

ಒಂದು ಸಂಜೆ ತರುಣನೊಬ್ಬ ಹೆಂಡತಿ ಮಕ್ಕಳೊಡನೆ ಬಂದ. ಕಾರಿನಲ್ಲಿ ಊರಿನಿಂದ ತಂದ ಸೌದೆ. ಮಗಳು ತುಂಡೊಂದನ್ನೆತ್ತಿ, ತೊಗಟೆ ಸುಲಿದು, ಒಳಗಿನ ಹಾವಿನಂಥ ಗೆರೆಗಳನ್ನು ಮಕ್ಕಳಿಗೆ ತೋರಿಸಿದಳು. ಆಶ್ ಮರವನ್ನು ಕೊರೆಯುವ ಪಚ್ಚೆಬಣ್ಣದ ದುಂಬಿಯ ಮರಿಹುಳುಗಳು ನಡೆದ ದಾರಿ ಅದು. ಏಷ್ಯಾದಿಂದ ಬಂದ ಈ ದುಂಬಿ ಮಿಚಿಗನ್ನಿನಲ್ಲಿ ಪತ್ತೆಯಾದದ್ದು 2002ರಲ್ಲಿ. ಆಮೇಲೆ ಕೋಟಿಗಟ್ಟಲೆ ಮರಗಳು ಸತ್ತಿವೆ. ತಾನಾಗಿ ಬಹುದೂರ ಹಾರದ ಅದನ್ನು ಊರಿಂದೂರಿಗೆ ಒಯ್ದದ್ದರಲ್ಲಿ ಜನ ಹೊತ್ತ ಸೌದೆಯ ಪಾಲು ದೊಡ್ಡದು. ತರುಣ ವಾದಿಸಲಿಲ್ಲ. ಆ ರಾತ್ರಿ ಶಿಬಿರದಲ್ಲೇ ಉಳಿದು, ತಂದಷ್ಟನ್ನೂ ಸುಟ್ಟ.

ಬೆಂಕಿ ಆರಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಒಂದು ಚೆಂಬು ನೀರೆರೆದೆ, ಚುಸ್ಸೆಂದಿತು, ಹೋಗಿ ಮಲಗಿದೆ.

ಬೆಳಗ್ಗೆ ಮಗಳು, “ಅಪ್ಪಾ, ಇಲ್ಲಿ ಬನ್ನಿ. ಬೂದಿಯ ಮೇಲೆ ಮುಂಗೈ ಹಿಡಿದು ನೋಡಿ” ಎಂದಳು. ಕಾವು ತಾಗಿತು. ಸಲಿಕೆಯಿಂದ ಕೆದಕಿದರೆ ಕೆಳಗೆ ಕೆಂಪಗೆ ಕೆಂಡ. ಗಾಳಿ ಏಳುತ್ತಿತ್ತು, ಸುತ್ತಲೂ ಜ್ಯಾಕ್ ಪೈನ್ ಮರಗಳು, ಒಣಗಿದ ಎಲೆ. ಇದೇ ಅರಣ್ಯದ ಮ್ಯಾಕ್ ಲೇಕ್ ಬಳಿ 1980ರ ಮೇ 5ರಂದು, ಎಳೆಯ ಪೈನುಗಳ ನಡುವೆ ಗೂಡು ಕಟ್ಟುವ ಅಪರೂಪದ ಹಕ್ಕಿಯೊಂದರ ಹಿತಕ್ಕಾಗಿ, ಬಲ್ಲವರೇ ಯೋಜಿಸಿ ಹಚ್ಚಿದ ಬೆಂಕಿ ಕೈಮೀರಿ ಸುಮಾರು 24,000 ಎಕರೆ ಸುಟ್ಟಿತು. ಅರಣ್ಯ ಸಿಬ್ಬಂದಿಯ ಒಬ್ಬರ ಜೀವವೂ ಹೋಯಿತು. ಮಗಳು ಬೈಯಲಿಲ್ಲ. ಹಿಂದಿನ ಸಂಜೆ ಆ ತರುಣನೊಡನೆ ಆಡಿದ ದನಿಯಲ್ಲೇ ಇದನ್ನೂ ಹೇಳಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ಬಕೆಟ್ಟು ನೀರು ತಂದೆ. ಸುರಿದೆ, ಕಲಕಿದೆ, ಮತ್ತೆ ಸುರಿದೆ. ಬೂದಿಯೆಲ್ಲ ಕೆಸರಾದ ಮೇಲೆ ಕೈ ಹಿಡಿದೆ, ತಣ್ಣಗಿತ್ತು. ಕಾಡಿನೊಳಕ್ಕೆ ಹೊರಡಲು ಅಣಿಯಾಗಿದ್ದ ತರುಣನ ಹಿರಿಯ ಮಗ ಅಷ್ಟೂ ಹೊತ್ತು ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನೂ ಕುಕ್ಕರುಗಾಲಲ್ಲಿ ಕೂತು, ಬೂದಿಯ ಮೇಲೆ ಕೈ ಚಾಚಿದ.