ಲೂಪಸ್ ರೋಗದಲ್ಲಿ ರಕ್ತಪರೀಕ್ಷೆಯ ಅಂಕೆಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಕಾವ್ಯವನ್ನೋ ನಾಡಿನ ಚರಿತ್ರೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಲೇಪಾಕ್ಷಿಯ ಶಿಲ್ಪವನ್ನು ಬಿಟ್ಟು ರಕ್ತಪರೀಕ್ಷೆಯ ವಿಚಾರವನ್ನು ನಾನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಹಿಂದೂಪುರದ ರೋಗಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾಳೆ. ಕಲ್ಯಾಣದುರ್ಗದವಳು ಅನಂತಪುರಕ್ಕೋ ಬಳ್ಳಾರಿಗೋ ಹೋಗುತ್ತಾಳೆ. ಎಲ್ಲಿಗೆ ಹೋದರೂ ಕೈಗೆ ಬರುವ ಪರೀಕ್ಷಾಪತ್ರ ಇಂಗ್ಲಿಷಿನದು. ಕನ್ನಡ ಶಾಲೆಯಲ್ಲಿ ಓದಿದ ಮನೆಯವರು ಅದರಲ್ಲಿ ದಪ್ಪಕ್ಷರದ ಅಂಕೆಯನ್ನು ಕಂಡು ಬೆದರುತ್ತಾರೆ. ದಪ್ಪಕ್ಷರ ಇಲ್ಲದಿದ್ದರೆ ರೋಗವೇ ಹೋಯಿತೆಂದು ಮಾತ್ರೆ ನಿಲ್ಲಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರ.

ಲೂಪಸ್ ಎಂಬ ಲ್ಯಾಟಿನ್ ಶಬ್ದಕ್ಕೆ ತೋಳ ಎಂದರ್ಥ. ಮುಖದ ಹುಣ್ಣು ತೋಳ ಕಚ್ಚಿದಂತೆ ಕಾಣುವುದೆಂದು ಹಿಂದಿನ ಯುರೋಪಿನ ವೈದ್ಯರು ಇಟ್ಟ ಹೆಸರು ಅದು. ಹೊರಗಿನ ರೋಗಾಣುಗಳನ್ನು ಹೊಡೆಯಬೇಕಾದ ಶರೀರದ ರಕ್ಷಣಾ ವ್ಯವಸ್ಥೆ ತನ್ನ ಅಂಗಾಂಗಗಳನ್ನೇ ಹಗೆಯೆಂದು ಬಗೆದು ಅವುಗಳ ಮೇಲೆ ಬೀಳುವುದೇ ಈ ವ್ಯಾಧಿ. ಚರ್ಮ, ಕೀಲು, ರಕ್ತ, ಮೂತ್ರಪಿಂಡ, ಹೃದಯದ ಹೊದಿಕೆ, ಮೆದುಳು, ಯಾವುದನ್ನಾದರೂ ಇದು ಹಿಡಿಯಬಹುದು. ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು, ಅದರಲ್ಲಿಯೂ ಮಕ್ಕಳನ್ನು ಹೆರುವ ಪ್ರಾಯದವರು. ದೆಹಲಿಯ ಸಮೀಪದ ಹಳ್ಳಿಗಳಲ್ಲಿ ನಡೆಸಿ ೧೯೯೩ರಲ್ಲಿ ಪ್ರಕಟಿಸಿದ ಗಣನೆಯಲ್ಲಿ ಲಕ್ಷ ಜನಕ್ಕೆ ಮೂವರಂತೆ ರೋಗಿಗಳು ಕಂಡರು. ಇದು ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ತಗಲುವುದಿಲ್ಲ.

ನಮ್ಮ ಕಡೆ ಇದು ಬೇರೆ ಹೆಸರುಗಳ ಹಿಂದೆ ಅಡಗಿರುತ್ತದೆ. ಕೆನ್ನೆಯ ಮೇಲಿನ ಕಲೆಯನ್ನು ಕನ್ನಡದವರು ಬಂಗು ಎನ್ನುತ್ತಾರೆ, ತೆಲುಗಿನವರು ಮಂಗು ಎನ್ನುತ್ತಾರೆ. ಭಾಷೆ ಎರಡಾದರೂ ಉದಾಸೀನ ಒಂದೇ. ಬಂಗಿನಿಂದ ಜ್ವರ ಬರುವುದಿಲ್ಲ, ಕೀಲು ಊದುವುದಿಲ್ಲ, ಕೂದಲು ಹಿಡಿಹಿಡಿಯಾಗಿ ಉದುರುವುದಿಲ್ಲ. ೨೦೦೬ರಲ್ಲಿ ಚಿಕುನ್‌ಗುನ್ಯಾ ಈ ಸೀಮೆಯನ್ನೆಲ್ಲ ಮಲಗಿಸಿದ ಮೇಲಂತೂ ಯಾರ ಕೀಲು ನೋವಿಗೂ ಅದೇ ಹೆಸರಾಯಿತು. ಶೇಂಗಾ ಹೊಲದಲ್ಲಿ ಹಗಲೆಲ್ಲ ಬಿಸಿಲಲ್ಲಿ ನಿಲ್ಲುವ ಹೆಣ್ಣುಮಗಳಿಗೆ ಈ ರೋಗವಿದ್ದರೆ ಬಿಸಿಲೇ ಅದನ್ನು ಕೆರಳಿಸುತ್ತದೆ. ಆದಕಾರಣ ಮುಖದ ಕೆಂಪು, ತಿಂಗಳುಗಟ್ಟಲೆ ಕೀಲುನೋವು, ಬಾಯಿಹುಣ್ಣು, ಬಿಟ್ಟುಬಿಟ್ಟು ಬರುವ ಜ್ವರ ಇವು ಕೂಡಿ ಬಂದರೆ ರಕ್ತ ಮತ್ತು ಮೂತ್ರ ಎರಡನ್ನೂ ಪರೀಕ್ಷಿಸುವುದು ಅವಶ್ಯ.

ರಕ್ತದಲ್ಲಿ ಈ ರೋಗದ ಗುರುತು ಮೊದಲು ದೊರೆತದ್ದು ೧೯೪೮ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹಾರ್‌ಗ್ರೇವ್ಸ್ ಮತ್ತು ಅವರ ಸಂಗಡಿಗರು ಇನ್ನೊಂದು ಕಣದ ನ್ಯೂಕ್ಲಿಯಸ್ಸನ್ನು ನುಂಗಿ ಕುಳಿತ ಬಿಳಿಯ ಕಣವೊಂದನ್ನು ರೋಗಿಗಳಲ್ಲಿ ಕಂಡರು. ನ್ಯೂಕ್ಲಿಯಸ್ಸಿನ ವಿರುದ್ಧವೇ ಶರೀರ ಪ್ರತಿಕಾಯಗಳನ್ನು ತಯಾರಿಸುತ್ತಿದೆಯೆಂಬುದು ೧೯೫೭ರ ಹೊತ್ತಿಗೆ ಸ್ಪಷ್ಟವಾಯಿತು. ಈಗ ಎ.ಎನ್.ಎ. ಎಂಬ ಹೆಸರಿನಲ್ಲಿ ಮಾಡುವ ಪರೀಕ್ಷೆ ಆ ಪ್ರತಿಕಾಯಗಳನ್ನು ಹುಡುಕುವುದಾಗಿದೆ. ಲೂಪಸ್ ಇರುವವರಲ್ಲಿ ಹೆಚ್ಚು ಕಡಿಮೆ ಎಲ್ಲರಲ್ಲಿಯೂ ಅದು ಕಾಣುತ್ತದೆ. ಆದರೆ ರಕ್ತವನ್ನು ೧೬೦ ಪಾಲು ತೆಳುಮಾಡಿ ನೋಡಿದರೂ ಆರೋಗ್ಯವಂತರಲ್ಲಿ ನೂರಕ್ಕೆ ಐವರಲ್ಲಿ ಅದು ಕಂಡೀತು. ಆದ್ದರಿಂದ ಎ.ಎನ್.ಎ. ಇದೆಯೆಂದ ಮಾತ್ರಕ್ಕೆ ಲೂಪಸ್ ಎಂದಲ್ಲ. ಒಮ್ಮೆ ರೋಗ ನಿರ್ಧಾರವಾದ ಮೇಲೆ ಅದನ್ನು ತಿಂಗಳು ತಿಂಗಳೂ ಮಾಡಿಸುವುದು ಹಣದ ನಷ್ಟವೇ ಸರಿ, ಏಕೆಂದರೆ ರೋಗದ ಏರಿಳಿತವನ್ನು ಅದು ತಿಳಿಸದು.

ಏರಿಳಿತವನ್ನು ತಕ್ಕಮಟ್ಟಿಗೆ ತಿಳಿಸುವವು ಎರಡು: ಡಿ.ಎನ್.ಎ. ವಿರುದ್ಧದ ಪ್ರತಿಕಾಯ, ಮತ್ತು ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು. ಪತ್ರದಲ್ಲಿ ಸಿ-೩, ಸಿ-೪ ಎಂದು ಬರೆದಿರುವುದು ಈ ಎರಡನೆಯವನ್ನೇ. ಪ್ರತಿಕಾಯವೂ ಡಿ.ಎನ್.ಎ.ಯೂ ಹೆಣೆದುಕೊಂಡು ಮೂತ್ರಪಿಂಡದ ಸೂಕ್ಷ್ಮ ಜಾಲರಿಯಲ್ಲಿ ಕುಳಿತಾಗ ಕಾಂಪ್ಲಿಮೆಂಟ್ ಅಲ್ಲಿ ಖರ್ಚಾಗಿ ರಕ್ತದಲ್ಲಿ ಇಳಿಯುತ್ತದೆ; ಜಾತ್ರೆಯ ದಿನ ಉಗ್ರಾಣದ ಅಕ್ಕಿ ಇಳಿಯುವಂತೆ. ಉಳಿದ ಎಷ್ಟೋ ಪರೀಕ್ಷೆಗಳಲ್ಲಿ ಅಂಕೆ ಏರಿದರೆ ಕೇಡು. ಇಲ್ಲಿ ಇಳಿದರೆ ಕೇಡು. ಪ್ರತಿಕಾಯ ಏರುತ್ತ ಕಾಂಪ್ಲಿಮೆಂಟ್ ಇಳಿಯುತ್ತ ಬಂದರೆ ರೋಗ ಕೆರಳುವ ಸಂಭವವುಂಟೆಂದು ತಿಳಿದು ಮೂತ್ರವನ್ನು ಮೇಲಿಂದ ಮೇಲೆ ನೋಡಬೇಕು. ಆದರೂ ವರ್ಷಗಟ್ಟಲೆ ಈ ಅಂಕೆಗಳು ಕೆಟ್ಟಿದ್ದು ಹಾಯಾಗಿರುವ ರೋಗಿಗಳಿದ್ದಾರೆ. ಅಂಥವರಿಗೆ ಅಂಕೆಯನ್ನು ನೋಡಿ ಮದ್ದು ಹೆಚ್ಚಿಸುವುದಿಲ್ಲ, ಕಣ್ಣಿಟ್ಟು ಕಾಯುತ್ತಾರೆ.

ಇನ್ನು ಇ.ಎಸ್.ಆರ್. ನಿಲ್ಲಿಸಿಟ್ಟ ಸಣ್ಣ ಕೊಳವೆಯಲ್ಲಿ ಒಂದು ಗಂಟೆಗೆ ಕೆಂಪು ಕಣಗಳು ಎಷ್ಟು ಮಿಲಿಮೀಟರು ಕೆಳಗಿಳಿದವೆಂಬ ಲೆಕ್ಕ ಅದು. ಲೂಪಸ್ ಕೆರಳಿದಾಗ ಅದು ಏರುತ್ತದೆ. ರಕ್ತಹೀನತೆಯಿಂದಲೂ ಏರುತ್ತದೆ, ಬಸುರಿನಲ್ಲಿಯೂ ಏರುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ಸೀಮೆಯಲ್ಲಿ ಅದೊಂದನ್ನೇ ನಂಬಲಾಗದು. ಯಕೃತ್ತಿನಲ್ಲಿ ತಯಾರಾಗುವ ಸಿ.ಆರ್.ಪಿ.ಯ ಸ್ವಭಾವ ಬೇರೆ. ಸಾಮಾನ್ಯವಾಗಿ ಲೂಪಸ್ ಕೆರಳಿದರೂ ಅದು ಬಹಳ ಏರುವುದಿಲ್ಲ. ಎದೆಯೊಳಗಿನ ಪೊರೆಗಳು ಊದಿಕೊಂಡಾಗ ಮತ್ತು ಸೋಂಕು ತಗಲಿದಾಗ ಏರುತ್ತದೆ. ಇದರ ಉಪಯೋಗ ದೊಡ್ಡದು. ಲೂಪಸ್ ಇರುವವಳಿಗೆ ಜ್ವರ ಬಂದರೆ ಅದು ಲೂಪಸಿನ ಜ್ವರವೋ, ಸೋಂಕಿನ ಜ್ವರವೋ? ಮೊದಲನೆಯದಾದರೆ ಸ್ಟಿರಾಯ್ಡ್ ಹೆಚ್ಚಿಸಬೇಕಾದೀತು. ಎರಡನೆಯದಾದರೆ ಹೆಚ್ಚಿಸಿದ ಸ್ಟಿರಾಯ್ಡೇ ಮುಳುವಾದೀತು. ಸಿ.ಆರ್.ಪಿ. ಬಹಳ ಏರಿದ್ದರೆ ಮೊದಲು ಸೋಂಕನ್ನು ಹುಡುಕುತ್ತಾರೆ. ಆದುದರಿಂದ ಜ್ವರ ಬಂದಾಗ ಮನೆಯಲ್ಲಿಯೇ ಮಾತ್ರೆಯನ್ನು ಏರಿಸುವುದೂ ಇಳಿಸುವುದೂ ಸಲ್ಲದು.

ಬಿಳಿಯ ಕಣ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ಮೂರೂ ಈ ರೋಗದಲ್ಲಿ ಇಳಿಯಬಹುದು. ಇವುಗಳ ಪರೀಕ್ಷೆ ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಆಗುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ರಕ್ತದ್ದಲ್ಲ, ಮೂತ್ರದ್ದು. ಲೂಪಸ್ ಮೂತ್ರಪಿಂಡವನ್ನು ಹಿಡಿದಾಗ ಆರಂಭದಲ್ಲಿ ನೋವಿರುವುದಿಲ್ಲ. ರೋಗಿ ನೀರು ಹೊರುತ್ತಾಳೆ, ಅಡುಗೆ ಮಾಡುತ್ತಾಳೆ, ಹೊಲಕ್ಕೆ ಹೋಗುತ್ತಾಳೆ. ಕಾಲು ಊದಿ, ಮೂತ್ರ ನೊರೆನೊರೆಯಾಗಿ ಕಾಣುವ ವೇಳೆಗೆ ಹಾನಿ ಮುಂದುವರಿದಿರಬಹುದು. ಮೂತ್ರದಲ್ಲಿ ಪ್ರೋಟೀನು ದಿನಕ್ಕೆ ಅರ್ಧ ಗ್ರಾಮಿಗೆ ಮೇಲ್ಪಟ್ಟು ಹೋಗುತ್ತಿದ್ದರೆ ಅದು ಗಂಭೀರ ಸಂಗತಿ; ಬಹುಶಃ ಮೂತ್ರಪಿಂಡದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಕಾಂಪ್ಲಿಮೆಂಟ್ ಪರೀಕ್ಷೆಗೆ ತಗಲುವ ಹಣಕ್ಕೆ ಹೋಲಿಸಿದರೆ ಮೂತ್ರಪರೀಕ್ಷೆಯ ಖರ್ಚು ಅತ್ಯಲ್ಪ. ಹಾಗಿದ್ದೂ ದುಬಾರಿಯಾದದ್ದೇ ಒಳ್ಳೆಯ ಪರೀಕ್ಷೆಯೆಂಬ ಭಾವನೆಯಿಂದ ನಮ್ಮವರು ಇದನ್ನು ಬಿಡುತ್ತಾರೆ. ಇದರ ಜೊತೆಗೆ ರಕ್ತದೊತ್ತಡವನ್ನೂ ನೋಡಿಸತಕ್ಕದ್ದು.

ಯಾವ ಚಿಹ್ನೆಗೆ ಎಷ್ಟು ಬೆಲೆಯೆಂಬುದನ್ನು ವೈದ್ಯಲೋಕವೇ ತೂಗಿ ನೋಡಿದೆ. ಕೆನಡಾದ ಟೊರಾಂಟೊದಲ್ಲಿ ರೂಪಿಸಿ ೧೯೯೨ರಲ್ಲಿ ಪ್ರಕಟಿಸಿದ ಸ್ಲೆಡೈ ಎಂಬ ಮಾಪನವುಂಟು. ಅದರಲ್ಲಿ ೨೪ ಲಕ್ಷಣಗಳು, ಒಟ್ಟು ೧೦೫ ಅಂಕಗಳು. ಲೂಪಸಿನಿಂದ ಅಪಸ್ಮಾರ ಬಂದರೆ ೮, ಕೀಲುಗಳು ಊದಿದರೆ ೪, ಮೂತ್ರದಲ್ಲಿ ಪ್ರೋಟೀನು ಹೋದರೆ ೪. ಡಿ.ಎನ್.ಎ. ಪ್ರತಿಕಾಯಕ್ಕೆ ೨, ಕಾಂಪ್ಲಿಮೆಂಟ್ ಇಳಿದುದಕ್ಕೆ ೨, ಪ್ಲೇಟ್‌ಲೆಟ್ ಇಳಿದರೆ ೧. ಎ.ಎನ್.ಎ., ಇ.ಎಸ್.ಆರ್., ಸಿ.ಆರ್.ಪಿ.ಗಳಿಗೆ ಅಂಕವೇ ಇಲ್ಲ. ರೋಗಿ ಹೇಗಿದ್ದಾಳೆ ಎಂಬುದೇ ಮುಖ್ಯ, ಪತ್ರ ಅದಕ್ಕೆ ಒತ್ತಾಸೆ ಎಂಬುದು ಇದರಿಂದ ವಿದಿತವಾಗುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ಒಮ್ಮೆ ಹಿಂದೂಪುರ, ಒಮ್ಮೆ ಬೆಂಗಳೂರು, ಮತ್ತೊಮ್ಮೆ ಅನಂತಪುರ ಎಂದು ಪರೀಕ್ಷೆ ಮಾಡಿಸುತ್ತೇವೆ. ಒಂದು ಪ್ರಯೋಗಶಾಲೆ ಸಿ-೩ಯನ್ನು ಡೆಸಿಲೀಟರಿಗೆ ೯೦ ಮಿಲಿಗ್ರಾಂ ಎಂದು ಬರೆದರೆ ಇನ್ನೊಂದು ಲೀಟರಿಗೆ ೦.೯ ಗ್ರಾಂ ಎಂದು ಬರೆಯುತ್ತದೆ. ಎರಡೂ ಒಂದೇ, ಮನೆಯವರು ಮಾತ್ರ ತೊಂಬತ್ತು ಸೊನ್ನೆಗಿಳಿಯಿತೆಂದು ಗಾಬರಿಯಾಗುತ್ತಾರೆ. ಡಿ.ಎನ್.ಎ. ಪ್ರತಿಕಾಯದ ವಿಷಯದಲ್ಲಿ ಹೀಗೆ ಲೆಕ್ಕ ಹಾಕಿ ಹೊಂದಿಸಲೂ ಬರುವುದಿಲ್ಲ, ಏಕೆಂದರೆ ಪರೀಕ್ಷೆಯ ವಿಧಾನ ಬದಲಾದರೆ ಅಂಕೆಯೇ ಬದಲಾಗುತ್ತದೆ. ಆದಕಾರಣ ಸಾಧ್ಯವಾದಷ್ಟೂ ಒಂದೇ ಕಡೆ ಪರೀಕ್ಷಿಸಿ, ಹಳೆಯ ಪತ್ರಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಬೇಕು. ಪಕ್ಕದಲ್ಲಿ ಒಂದು ಪುಸ್ತಕವಿಟ್ಟು, ಆ ವಾರ ಕೀಲು ನೋಯಿತೇ, ಬಾಯಿ ಹುಣ್ಣಾಯಿತೇ, ಯಾವ ಮಾತ್ರೆ ತಪ್ಪಿತು ಎಂಬುದನ್ನು ಕನ್ನಡದಲ್ಲಿಯೇ ಬರೆದಿಡಿ. ಬೆಂಗಳೂರಿನ ಸೇಂಟ್ ಜಾನ್ಸ್, ಹೈದರಾಬಾದಿನ ನಿಮ್ಸ್, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಇಲ್ಲೆಲ್ಲ ಇಂಥ ರೋಗಗಳಿಗೆ ಪ್ರತ್ಯೇಕ ವಿಭಾಗಗಳಿವೆ. ಹೋಗುವಾಗ ಪತ್ರದ ಕಟ್ಟೂ ಪುಸ್ತಕವೂ ಜೊತೆಗಿರಲಿ.

ಔಷಧದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಈ ರೋಗದ ಬುನಾದಿ ಮಾತ್ರೆ. ಅಂಕೆಗಳು ಸರಿಯಾಗಿರುವುದು ಅನೇಕ ವೇಳೆ ಅದರಿಂದಲೇ. ಅದನ್ನು ಸೇವಿಸುವವರು ಆರಂಭದಲ್ಲೊಮ್ಮೆ, ಐದು ವರ್ಷಗಳ ತರುವಾಯ ಪ್ರತಿವರ್ಷ, ಕಣ್ಣಿನ ಪರೀಕ್ಷೆ ಮಾಡಿಸಬೇಕು. ಬಹುದಿನ ಸೇವಿಸಿದ ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟು.

ಕಡೆಯದಾಗಿ, ಮದುವೆಯಾದ ಹೆಣ್ಣುಮಕ್ಕಳ ವಿಷಯ. ಲೂಪಸ್ ಇದ್ದವಳಿಗೆ ಮಕ್ಕಳಾಗಬಾರದೆಂಬುದು ಸರಿಯಲ್ಲ. ರೋಗ ಆರು ತಿಂಗಳಾದರೂ ಶಾಂತವಾಗಿದ್ದ ಮೇಲೆ ವೈದ್ಯರ ಅನುಮತಿಯಿಂದ ಬಸುರಾಗಬಹುದು. ಮೈಕೊಫಿನೊಲೇಟಿನಂಥ ಕೆಲವು ಔಷಧಗಳು ಗರ್ಭಕ್ಕೆ ಹಾನಿಕರವಾದುದರಿಂದ ಮುಂಚಿತವಾಗಿಯೇ ಬದಲಾಯಿಸಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಸಾಮಾನ್ಯವಾಗಿ ಮುಂದುವರಿಯುತ್ತದೆ. ಬಸುರಿನಲ್ಲಿ ಕಾಂಪ್ಲಿಮೆಂಟ್ ತಾನಾಗಿ ಏರುವುದು ಪ್ರಕೃತಿ. ಅದು ಏರದೆ ಹಿಂದಿನಷ್ಟೇ ನಿಂತಿದ್ದರೆ ಪತ್ರದಲ್ಲಿ ದಪ್ಪಕ್ಷರ ಬೀಳುವುದಿಲ್ಲ, ಆದರೆ ಒಳಗೆ ಖರ್ಚು ನಡೆಯುತ್ತಿರಬಹುದು. ಹೆರಿಗೆಗೆಂದು ತವರಿಗೆ ಬರುವಾಗ ಹಳೆಯ ಪತ್ರಗಳನ್ನು ಅತ್ತೆಯ ಮನೆಯಲ್ಲಿಯೇ ಬಿಟ್ಟು ಬರುವುದುಂಟು. ಆ ಕಟ್ಟನ್ನು ಮರೆಯದೆ ತರಬೇಕೆಂದು ತಾಯಂದಿರಲ್ಲಿ ನನ್ನ ಅರಿಕೆ.