ಗಣಿತ ಓದಿದರೆ ಮುಂದೇನು?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಗಣಿತ ಚೆನ್ನಾಗಿ ಬರುತ್ತದೆ, ಇಂಜಿನಿಯರಿಂಗ್‌ಗೆ ಸೇರಿಸೋಣ" ಎನ್ನುವುದು ನಮ್ಮ ಮನೆಗಳ ರೂಢಿ. ಗಣಿತವನ್ನೇ ಹಿಡಿದು ಪಿಎಚ್.ಡಿ.ವರೆಗೆ ಹೋಗುವ ದಾರಿಯೂ ಇದೆ. ಆ ದಾರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

2ರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಹತ್ತನೇ ತರಗತಿಯಲ್ಲಿ ಸಾಧಿಸುತ್ತೀರಿ. ಅದನ್ನು ಬಾಯಿಪಾಠ ಮಾಡಿದರೂ ಅಂಕ ಬರುತ್ತದೆ. ಪದವಿಯಲ್ಲಿ ಲೆಕ್ಕ ಬಿಡಿಸುವುದಕ್ಕಿಂತ ಇಂಥ ಸಾಧನೆಗಳೇ ಮುಖ್ಯ. ಪ್ರತಿ ಸಾಲಿಗೂ 'ಏಕೆ?' ಎಂದು ಕೇಳಿಕೊಳ್ಳಬೇಕು. ಎಂ.ಎಸ್ಸಿ.ಯಲ್ಲಿ ಆ ಅಭ್ಯಾಸ ಗಟ್ಟಿಯಾಗುತ್ತದೆ. ಪಿಎಚ್.ಡಿ.ಯಲ್ಲಿ ಎತ್ತಿಕೊಳ್ಳುವ ಪ್ರಶ್ನೆಗೆ ಮಾತ್ರ ಯಾವ ಪುಸ್ತಕದಲ್ಲೂ ಉತ್ತರವಿರುವುದಿಲ್ಲ.

ಒಂದು ಉದಾಹರಣೆ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ. 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದ ಜೋಡಿಗಳಿಗೂ ಕೊನೆಯಿಲ್ಲವೇ? ಇಂದಿಗೂ ಯಾರಿಗೂ ತಿಳಿದಿಲ್ಲ. 7 ಕೋಟಿಗಿಂತ ಕಡಿಮೆ ಅಂತರದ ಜೋಡಿಗಳಿಗೆ ಕೊನೆಯಿಲ್ಲ ಎಂದು 2013ರಲ್ಲಿ ಯಿಟಾಂಗ್ ಝಾಂಗ್ ಸಾಧಿಸಿದರು. ಅವರು ಪಿಎಚ್.ಡಿ. ಪಡೆದದ್ದು 1991ರಲ್ಲಿ. ಉತ್ತರ ಸಿಗದೆ ತಿಂಗಳುಗಟ್ಟಲೆ ಕೂರುವುದು ಸೋಲಲ್ಲ, ಅದೇ ಈ ಕಸುಬಿನ ದಿನನಿತ್ಯದ ಕೆಲಸ.

ಇನ್ನು ಪೋಷಕರ ಪ್ರಶ್ನೆ: ಅಷ್ಟು ವರ್ಷ ಹೊಟ್ಟೆಪಾಡು? ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಐಐಟಿಗಳ ಎಂ.ಎಸ್ಸಿ.ಗೆ 'ಜಾಮ್' ಪರೀಕ್ಷೆಯಿದೆ. ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಗಣಿತಕ್ಕೆಂದೇ ಬಿ.ಮ್ಯಾಥ್ ಪದವಿಯಿದೆ. ಪದವಿ ವಿದ್ಯಾರ್ಥಿಗಳಿಗಾಗಿ ಎಂಟಿಟಿಎಸ್ ಬೇಸಿಗೆ ಶಿಬಿರಗಳು 1993ರಿಂದ ನಡೆಯುತ್ತಿವೆ. ಆದರೆ ಪಿಎಚ್.ಡಿ. ಮುಗಿದ ಕೂಡಲೇ ಕಾಯಂ ನೌಕರಿ ಕಾದಿರುವುದಿಲ್ಲ. ಅದನ್ನೂ ತಿಳಿದೇ ಹೊರಡಬೇಕು.

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್‌ಗೆ ಹೆದರುತ್ತೀರಿ. ಮೊದಲ ವರ್ಷ ಕಷ್ಟವಾಗುವುದು ನಿಜ. ಆದರೆ ಗಣಿತದ ಪುಸ್ತಕದ ಇಂಗ್ಲಿಷ್ ಸರಳ; ಅವೇ ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡದಲ್ಲಿ ಅರ್ಥ ಮಾಡಿಕೊಂಡ ತರ್ಕ ಎಲ್ಲಿಗೆ ಹೋದರೂ ಕೈಬಿಡುವುದಿಲ್ಲ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. 2ರ ವರ್ಗಮೂಲದ ಸಾಧನೆಯಲ್ಲಿ 2 ಇದ್ದಲ್ಲಿ 4 ಬರೆಯಿರಿ. 4ರ ವರ್ಗಮೂಲ 2 ತಾನೇ? ಹಾಗಾದರೆ ಸಾಧನೆ ಯಾವುದೋ ಒಂದು ಸಾಲಿನಲ್ಲಿ ಮುರಿದು ಬೀಳಲೇಬೇಕು. ಆ ಸಾಲು ಯಾವುದು, ಏಕೆ ಎಂದು ಯಾರನ್ನೂ ಕೇಳದೆ ಹುಡುಕಿ. ಆ ಹುಡುಕಾಟ ನಿಮಗೆ ಹಿಡಿಸಿದರೆ ಈ ದಾರಿ ನಿಮ್ಮದೇ.